ಸಭೆಯೆದುರು ನುಡಿದ ಪಿಯಾನೊ: ಮೈಸೂರಿನ ತಟ್ಟೆಗಳಿಂದ ಕಡಕೋಳದ ಕ್ಯಾಸೆಟ್‌ವರೆಗೆ

ಕಲಬುರಗಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಠ, ಗುಡಿಗಳ ಪಡಸಾಲೆಯಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಗೆ ಕುಳಿತವರು ಎದ್ದೇಳುವುದು ಬೆಳಗಿನ ಜಾವಕ್ಕೆ. ಏಕತಾರಿ, ದಮ್ಮಡಿ, ತಾಳ, ತಬಲಾ. ನಡುವೆ ಒಂದು ಪೇಟಿ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ತತ್ವಪದಗಳೂ ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬರ ಪದಗಳೂ ಇಲ್ಲಿ ಹೆಚ್ಚಾಗಿ ಬಾಯಿಂದ ಬಾಯಿಗೆ ಸಾಗಿಬಂದವು. ಹಾಡುವವರ ಮುಂದೆ ಹಿಂದೆಲ್ಲ ಯಾರಾದರೊಬ್ಬರು ಟೇಪ್ ರೆಕಾರ್ಡರ್ ಇಡುತ್ತಿದ್ದರು. ಈಗ ಅದೇ ಜಾಗದಲ್ಲಿ ಮೊಬೈಲ್ ಇದೆ.

ಹಾಗೆ ಹಿಡಿದಿಟ್ಟ ಕ್ಯಾಸೆಟ್‌ಗಳಲ್ಲಿ ಕೆಮ್ಮು ಇದೆ, ಮಗುವಿನ ಅಳು ಇದೆ, ತಪ್ಪಿದ ತಾಳವೂ ಇದೆ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಭಕ್ತಿಗೀತೆಗಳ ಕ್ಯಾಸೆಟ್‌ಗಳಲ್ಲಿ ಇವು ಯಾವುವೂ ಇಲ್ಲ. ಆದರೂ ಹಳ್ಳಿಯ ಹಿರಿಯರು ಕೇಳಬಯಸುವುದು ಮೊದಲನೆಯದನ್ನೇ. ಏಕೆ? ಈ ಪ್ರಶ್ನೆಯನ್ನು ದಶಕಗಳಿಂದ ಬಹಳ ಗಂಭೀರವಾಗಿ ಚರ್ಚಿಸುತ್ತ ಬಂದಿರುವವರು ಪಾಶ್ಚಾತ್ಯ ಪಿಯಾನೊ ವಾದನದ ರಸಿಕರು. ಪೇಟಿಗೂ ಪಿಯಾನೊಗೂ ದೂರದ ನಂಟಿದೆ. ಎರಡೂ ಯುರೋಪಿನಲ್ಲಿ ರೂಪುಗೊಂಡ ಮನೆವಾದ್ಯಗಳು. (ಆ ಪರದೇಶಿ ಮೂಲವೂ ಒಂದು ನೆಪವಾಗಿ ಆಕಾಶವಾಣಿಯು 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟಿತ್ತು ಎಂಬುದು ಬೇರೆಯೇ ಕಥೆ.) ಮೇಲಾಗಿ, ಪಿಯಾನೊ ಧ್ವನಿಮುದ್ರಣದ ಇತಿಹಾಸದ ಒಂದು ಮುಖ್ಯ ದಾರಿ ನಮ್ಮ ಮೈಸೂರಿನ ಮೂಲಕವೇ ಹಾದುಹೋಗುತ್ತದೆ.

ಏನಿದು ರೊಮ್ಯಾಂಟಿಕ್ ಪರಂಪರೆ?

ಪಿಯಾನೊದಲ್ಲಿ ಮನೆಯೊಂದನ್ನು ಒತ್ತಿದಾಗ ಒಳಗಿನ ಸುತ್ತಿಗೆಯೊಂದು ತಂತಿಗೆ ಬಡಿದು ಹಿಂದಕ್ಕೆ ಸರಿಯುತ್ತದೆ. ಬಡಿದ ಕ್ಷಣದಿಂದಲೇ ನಾದ ಸಾಯತೊಡಗುತ್ತದೆ. ತಿದಿ ಒತ್ತುವವರೆಗೂ ನಿಲ್ಲುವ ಪೇಟಿಯ ಸ್ವರ ಅದಕ್ಕಿಲ್ಲ. ಕೊರಳಿನಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸಾಧ್ಯತೆಯೂ ಇಲ್ಲ. ಇಂತಹ ವಾದ್ಯವನ್ನು ಹಾಡಿಸುವುದು ಹೇಗೆ ಎಂಬುದೇ 19ನೇ ಶತಮಾನದ ಶೋಪ್ಯಾಂ, ಲಿಸ್ಟ್ ಮೊದಲಾದವರನ್ನು ಕಾಡಿದ ಸಮಸ್ಯೆ. ಅವರೂ ಅವರ ಶಿಷ್ಯಪರಂಪರೆಯೂ ಕಂಡುಕೊಂಡ ಉಪಾಯಗಳು ಹಲವು. ಲಯವನ್ನು ಗಡಿಯಾರದಂತೆ ನಡೆಸದೆ ಕೊಂಚ ಹಿಗ್ಗಿಸಿ, ಕೊಂಚ ಕುಗ್ಗಿಸಿ ನುಡಿಸುವುದು. ಎಡಗೈಯ ಮಂದ್ರಸ್ವರವನ್ನು ಒಂದು ಕೂದಲೆಳೆಯಷ್ಟು ಮೊದಲು ನುಡಿಸಿ ಬಲಗೈಯ ರಾಗವನ್ನು ಅದರ ಮೇಲೆ ತೇಲಿಬಿಡುವುದು. ಸ್ವರಗಳ ಗುಂಪಿನೊಳಗೆ ಅಡಗಿದ ಒಂದು ಒಳದನಿಯನ್ನು ಇಂದು ಮುಂದೆ ತಂದು, ನಾಳೆ ಅದನ್ನು ಬಿಟ್ಟು ಇನ್ನೊಂದನ್ನು ಎತ್ತಿ ತೋರಿಸುವುದು. ಒಂದು ಕೃತಿ ಮುಗಿದು ಮತ್ತೊಂದು ಆರಂಭವಾಗುವ ಮುನ್ನ ಆ ಕ್ಷಣದ ಮನೋಧರ್ಮಕ್ಕೆ ತಕ್ಕಂತೆ ನಾಲ್ಕು ಸ್ವರಗಳನ್ನು ಹೆಣೆಯುವುದು.

ಈ ಪಟ್ಟಿಯನ್ನು ಓದಿದ ಹಿಂದೂಸ್ತಾನಿ ಸಂಗೀತದ ರಸಿಕರಿಗೆ ಇದು ಪರಿಚಿತ ಎನಿಸಿದರೆ ಆಶ್ಚರ್ಯವಿಲ್ಲ. ಕೃತಿ ಕಾಗದದ ಮೇಲೆ ಬರೆದಿಟ್ಟದ್ದೇ ಆದರೂ ಅದು ಪ್ರತಿ ಸಂಜೆಯೂ ಹೊಸದಾಗಿ ಹುಟ್ಟಬೇಕು ಎಂಬುದು ಆ ಪರಂಪರೆಯ ನಂಬಿಕೆ. ಹುಟ್ಟಲು ಎದುರಿಗೆ ಕೇಳುವವರು ಬೇಕು. ಧ್ವನಿಮುದ್ರಣದ ಕೋಣೆಯಲ್ಲಿ ಅವರಿಲ್ಲ.

ಕೋಣೆಯ ತೊಡಕು ಅದೊಂದೇ ಆಗಿರಲಿಲ್ಲ. 78 ಸುತ್ತಿನ 12 ಅಂಗುಲದ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ನಾಲ್ಕೂವರೆ ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆಯ ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕಿತ್ತು. ತಪ್ಪಾದರೆ ಆ ಮುಖವಿಡೀ ಹೊಸದಾಗಿ ಆಗಬೇಕು. ಆದ್ದರಿಂದ ವಾದಕರು ಹುಷಾರಾಗಿ ನುಡಿಸಿದರು. ಹುಷಾರೇ ಈ ಪರಂಪರೆಗೆ ಶತ್ರು. ನಮ್ಮಲ್ಲಿಯೂ ಮಲ್ಲಿಕಾರ್ಜುನ ಮನ್ಸೂರರಂಥವರ ಮೊದಲ ತಟ್ಟೆಗಳನ್ನು ಅವರ ನಂತರದ ಕಾಲದ ಮೈಫಿಲ್‌ಗಳ ಧ್ವನಿಮುದ್ರಣದ ಪಕ್ಕದಲ್ಲಿಟ್ಟು ಕೇಳಿದವರಿಗೆ ಈ ಅಂತರ ವಿವರಿಸಬೇಕಾಗಿಲ್ಲ.

ಸಭಾಂಗಣದಿಂದ ಬಂದ ಸಾಕ್ಷ್ಯ

ಈ ಪರಂಪರೆಯ ಅತಿ ದೊಡ್ಡ ಹೆಸರುಗಳಲ್ಲಿ ಒಂದು ಜೋಸೆಫ್ ಹಾಫ್‌ಮನ್ (1876-1957). ಆಂಟನ್ ರೂಬಿನ್‌ಸ್ಟೈನ್‌ರ ಶಿಷ್ಯ. 1920ರ ದಶಕದ ಬಳಿಕ ಅವರು ಮಾರಾಟಕ್ಕಾಗಿ ತಟ್ಟೆಗಳನ್ನು ನುಡಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಇಂದು ಅವರ ಕೀರ್ತಿ ಉಳಿದಿದ್ದರೆ ಅದಕ್ಕೆ ಕಾರಣ ಮುಖ್ಯವಾಗಿ ಎರಡು ಸಂಜೆಗಳು. 1937ರ ನವೆಂಬರ್ 28ರಂದು, ಅಮೆರಿಕದಲ್ಲಿ ಬಾಲಕನಾಗಿ ಮೊದಲು ನುಡಿಸಿದ 50ನೇ ವರ್ಷದ ನೆನಪಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಹೌಸ್‌ನಲ್ಲಿ ನೀಡಿದ ಕಛೇರಿ ಒಂದು. 1938ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಕ್ಯಾಸಿಮಿರ್ ಹಾಲ್‌ನಲ್ಲಿ ನೀಡಿದ್ದು ಇನ್ನೊಂದು. ಎರಡನ್ನೂ ಅಲ್ಲಿಯೇ ಮುದ್ರಿಸಿಕೊಳ್ಳಲಾಗಿತ್ತು. ಲಿಸ್ಟ್‌ರ ನೇರ ಶಿಷ್ಯ ಎಮಿಲ್ ಫಾನ್ ಸೌಅರ್ 1940ರಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೆಂಗೆಲ್‌ಬರ್ಗ್‌ರ ವಾದ್ಯವೃಂದದೊಡನೆ ನುಡಿಸಿದ ಶೂಮಾನ್‌ರ ಕಾನ್‌ಚೆರ್ಟೊ ಕೂಡ ಹೀಗೆಯೇ ಉಳಿದುಬಂದಿದೆ.

ಇದಕ್ಕೆ ವಿರುದ್ಧವಾದ ನಷ್ಟ ರಾಹ್ಮಾನಿನಾಫ್‌ರದು. 1943ರಲ್ಲಿ ತೀರಿಕೊಂಡ ಆ ಮಹಾವಾದಕರು ತಮ್ಮ ಕಛೇರಿಗಳನ್ನು ರೇಡಿಯೊ ಬಿತ್ತರಿಸಲು ಒಪ್ಪುತ್ತಿರಲಿಲ್ಲ. ಆದ್ದರಿಂದ ನಮಗಿರುವುದು ಸ್ಟುಡಿಯೊದ ರಾಹ್ಮಾನಿನಾಫ್ ಮಾತ್ರ ಎಂದು ಜಗತ್ತು ಬಹುಕಾಲ ಭಾವಿಸಿತ್ತು. 1940ರಲ್ಲಿ ಸಂಚಾಲಕ ಯೂಜಿನ್ ಆರ್ಮಂಡಿ ಅವರೆದುರು ತಮ್ಮ ಹೊಸ ಕೃತಿಯನ್ನು ಪಿಯಾನೊದ ಮೇಲೆ ನುಡಿಸಿ ತೋರಿಸಿದಾಗಿನ ಒಂದು ಖಾಸಗಿ ಮುದ್ರಣ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಗುನುಗುವುದೂ ಕೇಳುತ್ತದೆ. 78 ವರ್ಷ ಕಾದು ದೊರೆತದ್ದು ಒಂದು ಗುನುಗು ಎಂದು ನಗುವವರಿದ್ದಾರು, ರಸಿಕರು ನಗಲಿಲ್ಲ.

ತಪ್ಪು ಸ್ವರಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ವ್ಲಾಡಿಮಿರ್ ಹೊರೊವಿಟ್ಜ್ 12 ವರ್ಷ ವೇದಿಕೆಯಿಂದ ದೂರವಿದ್ದು 1965ರ ಮೇ 9ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಮರಳಿದರು. ಆರಂಭದಲ್ಲಿಯೇ ಕೈ ತಪ್ಪಿತು. ಆದರೆ ಅಂಗಡಿಗೆ ಬಂದ ತಟ್ಟೆಯಲ್ಲಿ ಕೆಲವು ತಪ್ಪುಗಳು ಮಾಯವಾಗಿದ್ದವು. ಆ ಭಾಗಗಳನ್ನು ಬಳಿಕ ಮತ್ತೆ ನುಡಿಸಿ ಬೆಸೆಯಲಾಗಿತ್ತು. ತಿದ್ದದ ಮೂಲ ರೂಪ ಹೊರಬಂದದ್ದು 2003ರಲ್ಲಿ. ಎರಡನ್ನೂ ಕೇಳಿದವರಲ್ಲಿ ಅನೇಕರು ಮೆಚ್ಚಿದ್ದು ತಪ್ಪುಗಳಿರುವುದನ್ನೇ. ಹನ್ನೆರಡು ವರ್ಷದ ಅಂಜಿಕೆಯಿಂದ ನಡುಗುವ ಕೈ, ಕೆಲವೇ ನಿಮಿಷಗಳಲ್ಲಿ ತನ್ನ ಬಲವನ್ನು ಮರಳಿ ಪಡೆಯುವುದು ಅದರಲ್ಲಿ ಮಾತ್ರ ಕೇಳಿಸುತ್ತದೆ.

ಹಾಗೆಂದು ಸಭೆಯ ಮುದ್ರಣವೆಲ್ಲ ಶ್ರೇಷ್ಠ, ಸ್ಟುಡಿಯೊ ಮುದ್ರಣವೆಲ್ಲ ನಿರ್ಜೀವ ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ರುಮೇನಿಯಾದ ದಿನು ಲಿಪಾಟಿ ಅವರ ಉದಾಹರಣೆ ನೋಡಿ. ಶೋಪ್ಯಾಂ ಅವರ 14 ವಾಲ್ಟ್ಸ್‌ಗಳನ್ನು ಅವರು 1950ರ ಜುಲೈಯಲ್ಲಿ ಜಿನೀವಾದ ಸ್ಟುಡಿಯೊದಲ್ಲಿ ನುಡಿಸಿದರು. ಅದು ಇಂದಿಗೂ ನಿರ್ದೋಷ ವಾದನದ ಮಾದರಿ. ಎರಡು ತಿಂಗಳ ಬಳಿಕ, ಸೆಪ್ಟೆಂಬರ್ 16ರಂದು, ತೀವ್ರ ಅಸ್ವಸ್ಥರಾಗಿದ್ದರೂ ಫ್ರಾನ್ಸಿನ ಬೆಸಾನ್ಸೋನ್ ಊರಿನ ಸಭೆಯೆದುರು ಅವನ್ನೇ ನುಡಿಸಲು ಕುಳಿತರು. 13 ಮುಗಿದವು. ಹದಿನಾಲ್ಕನೆಯದನ್ನು ನುಡಿಸಲು ಶಕ್ತಿ ಉಳಿಯಲಿಲ್ಲ. ಡಿಸೆಂಬರ್ 2ರಂದು, 33ನೇ ವಯಸ್ಸಿನಲ್ಲಿ, ಅವರು ನಿಧನರಾದರು. ಮೊದಲ ಮುದ್ರಣದಲ್ಲಿ ಕೃತಿ ಪೂರ್ಣ, ಎರಡನೆಯದರಲ್ಲಿ ಅಪೂರ್ಣ. ಯಾವುದನ್ನು ಕೇಳಬೇಕು ಎಂದರೆ ಮೊದಲ ಬಾರಿ ಜಿನೀವಾದ್ದನ್ನು ಎಂದೇ ಈ ಲೇಖಕನ ಉತ್ತರ. ಆದರೆ ಬೆಸಾನ್ಸೋನಿನ ಸಂಜೆಯನ್ನು ಯಾರೂ ಮುದ್ರಿಸಿಕೊಳ್ಳದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಜಿನೀವಾದ ತಟ್ಟೆ ಉತ್ತರ ಕೊಡಲಾರದು.

ಮೈಸೂರಿನ ಮಹಾರಾಜರ ಹಣ, ಲಂಡನ್ನಿನ ಪಿಯಾನೊ

ಈಗ ಮೈಸೂರಿಗೆ ಬರೋಣ. 1919ರಲ್ಲಿ ಜನಿಸಿ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ್ ಅವರನ್ನು ಕನ್ನಡಿಗರು 'ಶ್ರೀವಿದ್ಯಾ' ಅಂಕಿತದ 94 ಕೃತಿಗಳ ವಾಗ್ಗೇಯಕಾರರೆಂದು ಬಲ್ಲರು. ಅವರು ನುರಿತ ಪಿಯಾನೊ ವಾದಕರೂ ಆಗಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೊ ಆಗಿ ಆರಿಸಿತು. ಅರಮನೆಯಲ್ಲಿ ಅವರ ಸಂಗ್ರಹದಲ್ಲಿದ್ದ ತಟ್ಟೆಗಳ ಸಂಖ್ಯೆ ಸುಮಾರು 20,000 ಎಂದು ಅಂದಾಜಿಸಲಾಗಿತ್ತು.

ಮಹಾರಾಜರ ಮನಸ್ಸನ್ನು ಸೆಳೆದ ಸಂಗೀತಗಾರ ನಿಕೊಲಾಯ್ ಮೆಟ್ನರ್. 1880ರ ಜನವರಿಯಲ್ಲಿ ಮಾಸ್ಕೊದಲ್ಲಿ ಹುಟ್ಟಿದ ಮೆಟ್ನರ್, ರಾಹ್ಮಾನಿನಾಫ್‌ರ ಆಪ್ತಮಿತ್ರ. ರಾಹ್ಮಾನಿನಾಫ್ ತಮ್ಮ ನಾಲ್ಕನೇ ಕಾನ್‌ಚೆರ್ಟೊವನ್ನು ಅರ್ಪಿಸಿದ್ದು ಇವರಿಗೇ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ತೊರೆದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಕಾಲ ಬದಲಾಗಿತ್ತು, ರುಚಿ ಬದಲಾಗಿತ್ತು. ಬರೆಯುವ ಶೈಲಿಯನ್ನು ಬದಲಿಸಲು ಮೆಟ್ನರ್ ಮಾತ್ರ ಒಪ್ಪಲಿಲ್ಲ. 1942ರಲ್ಲಿ ಹೃದಯಾಘಾತವಾಯಿತು. ಆದರೂ 1944ರ ಫೆಬ್ರುವರಿಯಲ್ಲಿ, ಯುದ್ಧದ ನಡುವೆ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಮ್ಮ ಮೂರನೇ ಕಾನ್‌ಚೆರ್ಟೊದ ಮೊದಲ ಪ್ರದರ್ಶನದಲ್ಲಿ ಸ್ವತಃ ಪಿಯಾನೊ ನುಡಿಸಿದರು.

ಎಲೆಮರೆಯ ಕಾಯಾಗುತ್ತಿದ್ದ ಆ ವಾದಕ, ರಚನಕಾರನ ಸಂಗೀತವನ್ನು ಅವರ ಕೈಯಿಂದಲೇ ನುಡಿಸಿ ಉಳಿಸಬೇಕೆಂದು ಮಹಾರಾಜರು ನಿಶ್ಚಯಿಸಿದರು. ಮೈಸೂರಿಗೆ ಬಂದಿದ್ದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅವರೊಡನೆ ಮಾತುಕತೆಯಾಯಿತು. ಮೆಟ್ನರ್ ಸೊಸೈಟಿ ಹುಟ್ಟಿತು, ಎಚ್.ಎಂ.ವಿ. ತಟ್ಟೆಗಳು ಸಿದ್ಧವಾದವು. ಮೂರು ಕಾನ್‌ಚೆರ್ಟೊಗಳು 1947ರಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣಗೊಂಡವು. ಸೊನಾಟಾಗಳು, ಬಿಡಿ ಕೃತಿಗಳು, ಗೀತೆಗಳು ಸೇರಿದವು. ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದರೆ ಮೆಟ್ನರ್ ಜೊತೆಗೂಡಿ ನುಡಿಸಿದರು. ಅದೇ ಫಿಲ್‌ಹಾರ್ಮೋನಿಯಾ ಭದ್ರವಾಗಿ ನಿಲ್ಲಲೆಂದು ಮಹಾರಾಜರು ವರ್ಷಕ್ಕೆ 10,000 ಪೌಂಡ್‌ಗಳಂತೆ ಮೂರು ವರ್ಷದ ನೆರವಿಗೂ ಒಪ್ಪಿದ್ದರು. ಕೃತಜ್ಞತೆಯಿಂದ ಮೆಟ್ನರ್ ತಮ್ಮ ಮೂರನೇ ಕಾನ್‌ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು.

ಕನ್ನಡನಾಡಿನ ಹಣ ಮಾಡಿದ ಈ ಉಪಕಾರ ಚಿಕ್ಕದಲ್ಲ. ಆದರೆ ತಟ್ಟೆಗಳಲ್ಲಿ ಇರುವುದು ಅರವತ್ತೇಳು ದಾಟಿದ, ಹೃದಯ ದುರ್ಬಲವಾದ ಮನುಷ್ಯ, ಕೇಳುವವರಿಲ್ಲದ ಕೋಣೆಯಲ್ಲಿ, ಮುಖ ಮುಖಕ್ಕೂ ನಿಲ್ಲಿಸಿ ನುಡಿಸಿದ ಸಂಗೀತ. ಅದರಲ್ಲಿಯೂ ಆ ಹಳೆಯ ಲಯದ ಓಲಾಟ ಬತ್ತಿಲ್ಲ ಎಂಬುದೇ ವಿಶೇಷ. 1944ರ ಆ ಸಂಜೆಯ ಮೆಟ್ನರ್ ಹೇಗೆ ಕೇಳಿಸುತ್ತಿದ್ದರು ಎಂಬುದನ್ನು 1947ರ ತಟ್ಟೆಯಿಂದ ಊಹಿಸಿಕೊಳ್ಳಬೇಕು.

ಸಭೆಯ ನಾದವನ್ನೇ ಮೈಸೂರಿಗೆ ತರಿಸಿಕೊಂಡ ಪ್ರಸಂಗವೂ ಒಂದಿದೆ. ಅದು ಪಿಯಾನೊದ್ದಲ್ಲ, ಗಾಯನದ್ದು. ರಿಚರ್ಡ್ ಸ್ಟ್ರಾಸ್ ಬಾಳಿನ ಕೊನೆಯಲ್ಲಿ ರಚಿಸಿದ ನಾಲ್ಕು ಗೀತೆಗಳನ್ನು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದರು. ಸಂಚಾಲಕರು ವಿಲ್‌ಹೆಲ್ಮ್ ಫರ್ಟ್‌ವೆಂಗ್ಲರ್. ಖರ್ಚಿಗೆ ಖಾತರಿ ನಿಂತವರು ಜಯಚಾಮರಾಜೇಂದ್ರ ಒಡೆಯರ್. ತಾವು ಹೋಗಲಾಗದ ಆ ಕಛೇರಿಯನ್ನು ತಮ್ಮ ಸಂಗ್ರಹಕ್ಕೆಂದು ಅಸಿಟೇಟ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳುವ ವ್ಯವಸ್ಥೆ ಮಾಡಿಸಿದ್ದರು.

ಅಸಿಟೇಟ್ ತಟ್ಟೆ ಎಂದರೆ ಲೋಹದ ಬಿಲ್ಲೆಯ ಮೇಲೆ ಮೆರುಗಿನ ಲೇಪ. ಆ ಲೇಪವನ್ನೇ ಸೂಜಿ ಕೊರೆದು ನಾದವನ್ನು ಬರೆಯುತ್ತದೆ. ಮುದ್ರಿಸಿದ ಕೂಡಲೇ ಕೇಳಬಹುದು ಎಂಬುದು ಅದರ ಗುಣ. ಪ್ರತಿ ಬಾರಿ ಕೇಳಿದಾಗಲೂ ಸವೆಯುತ್ತದೆ ಎಂಬುದು ದೋಷ. ಕಾಲಕ್ರಮದಲ್ಲಿ ಲೇಪ ಸೊರಗಿ, ಬಿರಿದು, ಹಕ್ಕಳೆಯೇಳುತ್ತದೆ. ಸ್ಟ್ರಾಸ್ ಗೀತೆಗಳ ಆ ಮುದ್ರಣವೂ ಲಾಂಗ್‌ಪ್ಲೇ ತಟ್ಟೆಯಾಗಿ ಹೊರಬರುವ ಹೊತ್ತಿಗೆ ಬಹಳ ಸವೆದಿತ್ತು. ಗಣಕಯಂತ್ರದ ನೆರವಿನಿಂದ ಅದನ್ನು ತಕ್ಕಮಟ್ಟಿಗೆ ಸರಿಪಡಿಸಲು ಸಾಧ್ಯವಾದದ್ದು ನಮ್ಮ ಈ ಶತಮಾನದಲ್ಲಿ.

ಮತ್ತೆ ಕಲಬುರಗಿಯ ಕ್ಯಾಸೆಟ್‌ಗೆ

ಅಸಿಟೇಟ್ ತಟ್ಟೆಗೆ ಆದದ್ದೇ ಈಗ ನಮ್ಮ ಮೂರು ತಾಲ್ಲೂಕುಗಳ ಮನೆಗಳ ಮಾಡಿನಲ್ಲಿ, ಟ್ರಂಕಿನಲ್ಲಿ ಬಿದ್ದಿರುವ ಕ್ಯಾಸೆಟ್‌ಗಳಿಗೂ ಆಗುತ್ತಿದೆ. 1966ರಿಂದ ಇರುವ ಕಲಬುರಗಿ ಆಕಾಶವಾಣಿಯ ಮುದ್ರಣಗಳ ಮಾತು ಬೇರೆ. ಸ್ಟುಡಿಯೊಗೆ ಬಂದು ಹಾಡಿದವರಿಗೆ ಹೊತ್ತಿನ ಮಿತಿಯಿತ್ತು, ಹಾಡಿದ್ದು ದಾಖಲಾಗುತ್ತಿತ್ತು. ರಾತ್ರಿಯಿಡೀ ನಡೆದ ಭಜನೆ, ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸ್‌ನ ಕವ್ವಾಲಿ, ದೇವಲ ಗಾಣಗಾಪುರದ ಹುಣ್ಣಿಮೆಯ ಹಾಡು ಉಳಿದಿದ್ದರೆ ಉಳಿದಿರುವುದು ಹೆಚ್ಚಾಗಿ ಮನೆಮಂದಿಯ ಕ್ಯಾಸೆಟ್‌ಗಳಲ್ಲಿ. ಒಂದು ಪದಕ್ಕೆ ಎದುರಿನವರು 'ಹಾಂ' ಎಂದಾಗ ಹಾಡುವವರು ಅದೇ ನುಡಿಯನ್ನು ಬೇರೊಂದು ಏರಿನಲ್ಲಿ ಎತ್ತಿಕೊಳ್ಳುವುದು ಅಲ್ಲಿಯೇ.

ಕ್ಯಾಸೆಟ್‌ನ ಪಟ್ಟಿಯ ಮೇಲಿರುವುದು ಕಬ್ಬಿಣದ ಆಕ್ಸೈಡ್‌ನ ಪುಡಿ. ಅದನ್ನು ಹಿಡಿದಿಟ್ಟಿರುವುದು ಒಂದು ಬಗೆಯ ಅಂಟು. ಬಿಸಿಲು, ತೇವಗಳಿಗೆ ಆ ಅಂಟು ಸಡಿಲಗೊಳ್ಳುತ್ತದೆ. 60 ಅಥವಾ 90 ನಿಮಿಷದ ಕ್ಯಾಸೆಟ್ ಆದ್ದರಿಂದ ಅರ್ಧ, ಮುಕ್ಕಾಲು ಗಂಟೆಗೊಮ್ಮೆ ಮಗುಚಬೇಕು. ಮಗುಚುವ ಹೊತ್ತಿಗೆ ಪದದ ಒಂದು ನುಡಿ ಹಾರಿಹೋಗಿರುತ್ತದೆ. ಇನ್ನೊಂದು ತೊಂದರೆ ಸೆಲ್ಲಿನದು. ಸೆಲ್ಲು ಇಳಿದಾಗ ಯಂತ್ರ ನಿಧಾನ ತಿರುಗಿ ಮುದ್ರಿಸುತ್ತದೆ. ಮುಂದೆ ಸರಿಯಾದ ವೇಗದಲ್ಲಿ ಹಾಕಿದಾಗ ಗಂಡಸಿನ ದನಿ ಹುಡುಗನ ದನಿಯಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಪೇಟಿಯೇ. ಕೊರಳಿನ ಶ್ರುತಿ ದಿನದಿನಕ್ಕೆ ಬದಲಾದೀತು. ಪೇಟಿಯ ಲೋಹದ ನಾಲಿಗೆಗಳ ಶ್ರುತಿ ವರ್ಷಗಳಾದರೂ ಅಷ್ಟಾಗಿ ಬದಲಾಗದು. ಅದೇ ಪೇಟಿ ಊರಿನಲ್ಲಿ ಇನ್ನೂ ಇದ್ದರೆ ಅದರ ಸ್ವರಕ್ಕೆ ಹೋಲಿಸಿ ಮುದ್ರಣದ ವೇಗವನ್ನು ಸರಿಪಡಿಸಬಹುದು. ಕರೆಂಟಿನಲ್ಲಿ ಮುದ್ರಿಸಿದ್ದಾದರೆ ಹಿನ್ನೆಲೆಯ 50 ಹರ್ಟ್ಸ್‌ನ ಗುಂಯ್‌ಗುಡುವ ಸದ್ದೇ ಅಳತೆಗೋಲು. ಹಳೆಯ ಪಿಯಾನೊ ಮುದ್ರಣಗಳನ್ನು ಸರಿಪಡಿಸುವವರು ಹಿಡಿಯುವ ದಾರಿಯೂ ಇದೇ. ಸದ್ದನ್ನೆಲ್ಲ ಅಳಿಸುವ ಹುಮ್ಮಸ್ಸಿಗೆ ಅವರು ಬೀಳುವುದಿಲ್ಲ. ಗೊರಗೊರ ಸದ್ದಿನ ಜೊತೆಗೆ ಪಿಯಾನೊದ ಸಾಯುವ ನಾದದ ಬಾಲವೂ ಕತ್ತರಿಸಿಹೋಗುತ್ತದೆಂದು ಅವರಿಗೆ ಗೊತ್ತು. ಭಜನೆಯಲ್ಲಿ ಹಾಗೆ ಕತ್ತರಿಸಿದರೆ ಮೊದಲು ಹೋಗುವುದು ಏಕತಾರಿ.

ಹೆಸರು, ದಿನಾಂಕಗಳ ವಿಷಯ ಇದಕ್ಕಿಂತಲೂ ತುರ್ತಿನದು. ಮೇಲೆ ಹೇಳಿದ ಲಿಪಾಟಿ ಅವರದೆಂದು 1966ರಲ್ಲಿ ಒಂದು ಪ್ರಸಿದ್ಧ ಕಂಪನಿ ಶೋಪ್ಯಾಂ ಕಾನ್‌ಚೆರ್ಟೊ ಒಂದನ್ನು ಪ್ರಕಟಿಸಿತು. ಮೂಲ ಟೇಪಿನ ದಾಖಲೆ ಖಚಿತವಿರಲಿಲ್ಲ. ಹದಿನೈದು ವರ್ಷ ಜಗತ್ತಿನ ರಸಿಕರು ಅದನ್ನು ಲಿಪಾಟಿ ಎಂದೇ ತಲೆದೂಗಿ ಕೇಳಿದರು. ಅದು ಪೋಲೆಂಡಿನ ಹಲೀನಾ ಚೆರ್ನಿ-ಸ್ಟೆಫಾನ್ಸ್ಕಾ ಅವರ ವಾದನವೆಂದು 1981ರಲ್ಲಿ ಬಯಲಾಯಿತು. ಅಷ್ಟು ಹೆಸರಾಂತ ವಾದಕರ ಗತಿಯೇ ಹೀಗಾದರೆ, 'ಭಜನೆ, ಎರಡನೇ ಬಾಜು' ಎಂದಷ್ಟೇ ಬರೆದಿರುವ ಕ್ಯಾಸೆಟ್‌ನಲ್ಲಿ ಹಾಡಿರುವವರು ಯಾರೆಂದು ಇನ್ನಿಪ್ಪತ್ತು ವರ್ಷದ ಬಳಿಕ ಹೇಳುವವರು ಯಾರು?

ಆದ್ದರಿಂದ ಇಂತಹ ಕ್ಯಾಸೆಟ್ ಮನೆಯಲ್ಲಿರುವವರು ಮೊದಲು ಅದನ್ನು ಹಾಕಿ ನೋಡುವ ಆತುರ ಬಿಡುವುದು ಒಳಿತು. ಬೂಷ್ಟು ಹಿಡಿದ ಪಟ್ಟಿ ಒಮ್ಮೆ ಯಂತ್ರಕ್ಕೆ ಸಿಕ್ಕಿ ತುಂಡಾದರೆ ಕಷ್ಟ. ಹೆಡ್ ಒರೆಸಿದ, ಸುಸ್ಥಿತಿಯ ಯಂತ್ರದಲ್ಲಿ ಒಂದೇ ಬಾರಿ ಹಾಕಿ, ಆಗಲೇ ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಇಳಿಸಿದ ಪ್ರತಿಯೊಂದನ್ನು ತಿದ್ದದೆ ಹಾಗೆಯೇ ಎತ್ತಿಡಬೇಕು. ಆ ಪ್ರತಿಯನ್ನು ಊರಿನ ಹಿರಿಯರಿಗೆ ಕೇಳಿಸಿದರೆ ಮೊದಲ ಪದ ಮುಗಿಯುವಷ್ಟರಲ್ಲಿ ಹಾಡಿದವರು ಇಂಥವರು, ಪೇಟಿ ಇಂಥವರದು, ಆ ವರ್ಷ ಮಳೆ ಹೀಗಿತ್ತು ಎಂದು ಅವರೇ ಹೇಳತೊಡಗುತ್ತಾರೆ. ಆಗ ಮೊಬೈಲಿನ ಗುಂಡಿ ಒತ್ತಿ ಅದನ್ನೂ ಮುದ್ರಿಸಿಕೊಳ್ಳಬಹುದು.